ಕೊಸರು ಹಾಕಿ ತೂಗುವ ತಕ್ಕಡಿ

ನಾಗಮಂಗಲದ ಸಂತೆಯಲ್ಲಿ ಬದನೆಕಾಯಿ ಮಾರುವ ಹೆಂಗಸು ಕೈತಕ್ಕಡಿ ಎತ್ತಿ ಹಿಡಿಯುತ್ತಾಳೆ. ಒಂದು ತಟ್ಟೆಯಲ್ಲಿ ಅರ್ಧ ಕೆ.ಜಿ.ಯ ಕಲ್ಲು, ಇನ್ನೊಂದರಲ್ಲಿ ಕಾಯಿ. ಕೋಲು ಸಮಕ್ಕೆ ಬರುತ್ತದೆ, ನಡುವಿನ ಮುಳ್ಳು ನೆಟ್ಟಗಾಗುತ್ತದೆ. ಲೆಕ್ಕದ ಪ್ರಕಾರ ವ್ಯಾಪಾರ ಅಲ್ಲಿಗೆ ಮುಗಿಯಬೇಕು. ಆದರೆ ಗಿರಾಕಿ ಇನ್ನೂ ಚೀಲ ಒಡ್ಡಿಲ್ಲ. ‘ಕೊಸರು ಹಾಕಕ್ಕ’ ಅನ್ನುತ್ತಾನೆ. ಅವಳು ಗೊಣಗುತ್ತಲೇ ರಾಶಿಯಿಂದ ಪುಟ್ಟದೊಂದು ಕಾಯಿ ಹೆಕ್ಕಿ ತಟ್ಟೆಗೆ ಹಾಕುತ್ತಾಳೆ. ಕೋಲು ಕೊಳ್ಳುವವನ ಕಡೆಗೆ ವಾಲುತ್ತದೆ. ಆಮೇಲೆ ಕಾಯಿ ಚೀಲಕ್ಕೆ, ಕಾಸು ಅವಳ ಮಡಿಲಿಗೆ.

ಇದೇ ಮಾತು ಸುಮಾರು 1,400 ವರ್ಷಗಳ ಹಿಂದೆ ಅರೇಬಿಯಾದ ಒಂದು ಪೇಟೆಯಲ್ಲೂ ನಡೆದಿತ್ತು. ಬಟ್ಟೆ ವ್ಯಾಪಾರಿ ಸುವೈದ್ ಬಿನ್ ಕೈಸ್ ಹೇಳಿದ ಪ್ರಸಂಗವನ್ನು, ಪ್ರವಾದಿಗಳ ನುಡಿನಡೆಗಳನ್ನು ದಾಖಲಿಸಿದ ಹದೀಸ್ ಸಂಗ್ರಹಗಳು ಉಳಿಸಿಕೊಂಡಿವೆ. ಪ್ರವಾದಿ ಮುಹಮ್ಮದರು ಅವರ ಬಳಿ ಬಟ್ಟೆ ಕೊಂಡರು. ಪಕ್ಕದಲ್ಲಿ ಕೂಲಿಗೆ ತೂಗಿಕೊಡುವವನೊಬ್ಬನಿದ್ದ. ಬೆಲೆಯ ಬೆಳ್ಳಿಯನ್ನು ತೂಗುವಾಗ ಪ್ರವಾದಿಗಳು ಅವನಿಗೆ ಹೇಳಿದ್ದು ಎರಡೇ ಮಾತು: ತೂಗು, ಮತ್ತು ತುಸು ವಾಲಿಸಿ ತೂಗು. ಇಲ್ಲಿ ವಾಲಬೇಕಾದದ್ದು ಎದುರಿನವನ ಕಡೆಗೆ. ಸಂತೆಯಲ್ಲಿ ಕೊಸರನ್ನು ಕೊಳ್ಳುವವನು ಕೇಳಿ ಪಡೆಯುತ್ತಾನೆ. ಆ ಪ್ರಸಂಗದಲ್ಲಿ ಕೊಡಬೇಕಾದವರೇ ಕೇಳಿಸಿಕೊಳ್ಳುವ ಮೊದಲು ಕೊಟ್ಟರು.

ಇಸ್ಲಾಮಿನಲ್ಲಿ ಸಮತೋಲನ ಎಂದಾಗ ಇಂದು ಸಾಮಾನ್ಯವಾಗಿ ಮನಸ್ಸಿಗೆ ಬರುವುದು ಒಂದು ತಣ್ಣನೆಯ ತತ್ತ್ವ: ಎಲ್ಲದರಲ್ಲೂ ಮಧ್ಯಮ ಮಾರ್ಗ, ಪ್ರಕೃತಿಯೊಡನೆ ಸಾಮರಸ್ಯ. ಆದರೆ ಕುರ್‌ಆನ್ ಅದಕ್ಕೆ ಬಳಸುವ ಪದ ಪೇಟೆಯಿಂದ ಬಂದದ್ದು. ಮೀಜಾನ್ ಅಂದರೆ ತಕ್ಕಡಿ. ಮಂಡ್ಯ ಸೀಮೆಯ ದಖನಿ ಮನೆಗಳಲ್ಲಿ ತರಾಜು ಅನ್ನುತ್ತಾರಲ್ಲ, ಅದೇ. ಅರ್‌ರಹ್ಮಾನ್ ಅಧ್ಯಾಯದ ಆರಂಭದಲ್ಲಿ ಈ ಪದ ಮೂರು ವಚನಗಳಲ್ಲಿ ಮೂರು ಸಲ ಬರುತ್ತದೆ. ಸೂರ್ಯಚಂದ್ರರು ಲೆಕ್ಕಕ್ಕೆ ತಕ್ಕಂತೆ ನಡೆಯುತ್ತಾರೆ, ಮರಗಿಡಗಳು ತಲೆಬಾಗುತ್ತವೆ ಎಂದ ಮೇಲೆ ಆಕಾಶವನ್ನು ಎತ್ತಿ ತಕ್ಕಡಿಯನ್ನು ಇಟ್ಟ ಮಾತು ಬರುತ್ತದೆ. ಮರುವಚನದಲ್ಲಿ ಆ ತಕ್ಕಡಿಯ ವಿಷಯದಲ್ಲಿ ಮೇರೆ ಮೀರಬೇಡಿ ಎಂಬ ಎಚ್ಚರಿಕೆ. ಅದರ ಮುಂದಿನದರಲ್ಲಿ ತೂಕವನ್ನು ನ್ಯಾಯವಾಗಿ ತೂಗಿ, ಕಡಿಮೆ ಮಾಡಬೇಡಿ ಎಂಬ ಆಜ್ಞೆ. ನಕ್ಷತ್ರಗಳಿಂದ ಬದನೆಕಾಯಿಗೆ ಬಂದು ಮುಟ್ಟಲು ಮೂರೇ ವಚನ ಸಾಕು. ಗ್ರಹಗಳನ್ನು ಹಿಡಿದಿಟ್ಟ ತಕ್ಕಡಿ ಮತ್ತು ಅಂಗಡಿಯವನ ಕೈಯಲ್ಲಿರುವ ತಕ್ಕಡಿ ಎರಡಲ್ಲ, ಒಂದೇ ಎನ್ನುವುದು ಅಲ್ಲಿಯ ವಾದ. ಒಂದರಲ್ಲಿ ಕೈವಾಡ ಮಾಡಿದರೆ ಇನ್ನೊಂದು ಅಲುಗುತ್ತದೆ.

ಹಾಗಾಗಿ ಮೀಜಾನ್ ಎಂದಾಗ ಕೇಳಬೇಕಾದ ಪ್ರಶ್ನೆ ‘ನನ್ನ ಮನಸ್ಸು ಸಮಾಧಾನದಲ್ಲಿದೆಯೇ’ ಎಂಬುದಲ್ಲ. ‘ಯಾರ ತಟ್ಟೆ ಹಗುರಾಗಿ ಮೇಲೆದ್ದಿದೆ’ ಎಂಬುದು.

ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವಿದೆ, 83ನೆಯದು. ಅಲ್ಲಿ ಬಳಸಿರುವ ಅರಬ್ಬಿ ಪದದ ಮೂಲದಲ್ಲಿ ‘ಅಲ್ಪ’, ‘ಚೂರು’ ಎಂಬ ಅರ್ಥ ಇದೆ. ಅಂದರೆ ಅದು ದೊಡ್ಡ ದರೋಡೆಯ ಮಾತಲ್ಲ. ತಾನು ಅಳೆದುಕೊಳ್ಳುವಾಗ ತಲೆತುಂಬ ಅಳೆದುಕೊಂಡು, ಕೊಡುವಾಗ ತಲೆ ತಟ್ಟಿ ಕೊಡುವವನ ಮಾತು. ಸೇರು, ಪಾವು, ಬಳ್ಳ, ಕೊಳಗದ ಲೆಕ್ಕ ಕಂಡ ಹಳೇ ಮೈಸೂರಿನ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಅನ್ನದೆ ‘ಲಾಭ’ ಅನ್ನುತ್ತಿದ್ದರು. ಆ ಕೊಳಗದ ಮೇಲೆ ಗೋಪುರ ಎಷ್ಟಿರಬೇಕು, ಅಳೆಯುವವನ ಅಂಗೈ ಅದನ್ನು ಎಲ್ಲಿ ತಟ್ಟುತ್ತದೆ ಎನ್ನುವುದರ ಮೇಲೆ ಗೇಣಿದಾರನ ವರ್ಷದ ಊಟ ನಿಂತಿರುತ್ತಿತ್ತು.

ಮದ್ಯನ್ ಜನಾಂಗಕ್ಕೆ ಬಂದ ಪ್ರವಾದಿ ಶುಐಬರ ಕಥೆ ಕುರ್‌ಆನ್‌ನಲ್ಲಿ ಹಲವು ಕಡೆ ಬರುತ್ತದೆ. ಅವರ ಬೋಧನೆಯಲ್ಲಿ ದೇವರೊಬ್ಬನನ್ನೇ ನಂಬಿ ಎಂಬುದರ ಬೆನ್ನಿಗೇ ಅಳತೆ-ತೂಕ ಸರಿಯಾಗಿ ಕೊಡಿ, ಭೂಮಿಯಲ್ಲಿ ಕೇಡು ಹಬ್ಬಿಸಬೇಡಿ ಎಂದು ಬರುತ್ತದೆ. ಸೇರಿನ ಮೋಸಕ್ಕೂ ನೆಲದ ಕೇಡಿಗೂ ಅಲ್ಲಿ ಒಂದೇ ಉಸಿರು.

ಕನ್ನಡದಲ್ಲಿ ಮೀಜಾನ್ ಎಂಬುದಕ್ಕೆ ಹತ್ತಿರದ ಪದ ‘ಹದ’. ಮಣ್ಣಿಗೆ ಹದ, ಮಳೆಗೆ ಹದ, ಮಾತಿಗೆ ಹದ. ಪಾಂಡವಪುರ, ಮಂಡ್ಯದ ಆಲೆಮನೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಂತವನಿಗೆ ಅದು ಕಣ್ಣಿಗೆ ಕಾಣುವ ವಸ್ತು. ಕಬ್ಬಿನ ಹಾಲು ಕುದಿದು ಮಡ್ಡಿ ಮೇಲೇಳುತ್ತದೆ, ಬೆಂಡೆ ಗಿಡದ ಲೋಳೆ ಹಾಕಿ ಅದನ್ನು ತೆಗೆಯುತ್ತಾರೆ. ಪಾಕ ಗಟ್ಟಿಯಾಗುತ್ತ ಬಂದಂತೆ ಗುಳ್ಳೆಯ ಆಕಾರ ಬದಲಾಗುತ್ತದೆ, ಸದ್ದು ಬದಲಾಗುತ್ತದೆ. ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಮೊದಲೇ ಇಳಿಸಿದರೆ ಅಚ್ಚು ನಿಲ್ಲುವುದಿಲ್ಲ, ತಡವಾದರೆ ಸೀಯುತ್ತದೆ. ಭೂಮಿಯಲ್ಲಿ ಬೆಳೆಸಿದ ಪ್ರತಿಯೊಂದೂ ತೂಕಬದ್ಧವಾಗಿದೆ ಎಂದು ಕುರ್‌ಆನ್‌ನ 15ನೇ ಅಧ್ಯಾಯ ಹೇಳುವಾಗ ಅದು ಸೂಚಿಸುವುದು ಇಂಥ ಹದವನ್ನೇ. ಆದರೆ ಆಲೆಮನೆಗೆ ಇನ್ನೊಂದು ಮುಖವೂ ಇದೆ. ಪೇಟೆಗೆ ಹೊಂಬಣ್ಣದ ಬೆಲ್ಲ ಬೇಕು ಎಂದು ಬಣ್ಣ ತಿಳಿಗೊಳಿಸುವ ಹೈಡ್ರೋಸ್ ರಾಸಾಯನಿಕ ಸುರಿಯುವುದು, ಅಗ್ಗದ ಸಕ್ಕರೆ ಬೆರೆಸುವುದು ನಡೆದೇ ಇದೆ. ಪ್ರವಾದಿಗಳು ಪೇಟೆಯಲ್ಲಿ ಒಂದು ಧಾನ್ಯದ ರಾಶಿಯೊಳಗೆ ಕೈ ತೂರಿಸಿದಾಗ ಬೆರಳಿಗೆ ತೇವ ತಾಗಿತಂತೆ. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ನೆನೆದದ್ದನ್ನು ಜನಕ್ಕೆ ಕಾಣುವಂತೆ ಮೇಲೆ ಇಡಬೇಕಿತ್ತು, ವಂಚಿಸುವವನು ನಮ್ಮವನಲ್ಲ ಎಂದರು ಪ್ರವಾದಿಗಳು. ಬೆಲ್ಲದ ಬಣ್ಣದ ಪ್ರಶ್ನೆಯೂ ಇದೇ.

ಈ ತಕ್ಕಡಿಯ ಚಿಂತನೆ ಪಂಡಿತರನ್ನೂ ಸೆಳೆಯಿತು. 1111ರಲ್ಲಿ ತೀರಿಕೊಂಡ ಇಮಾಮ್ ಗಜಾಲಿ ಸರಿಯಾದ ತರ್ಕಕ್ಕೆ ‘ನೆಟ್ಟಗಿನ ತಕ್ಕಡಿ’ ಎಂಬ ಅರ್ಥದ ಹೆಸರಿಟ್ಟು ಗ್ರಂಥ ಬರೆದರು. ಅವರು ತೀರಿಕೊಂಡ ಹತ್ತು ವರ್ಷಕ್ಕೆ, 1121ರಲ್ಲಿ, ಮರ್ವ್ ಪಟ್ಟಣದ ಅಲ್‌ಖಾಜಿನಿ ‘ಮೀಜಾನುಲ್ ಹಿಕ್ಮಾ’ ಎಂಬ ಪುಸ್ತಕದಲ್ಲಿ ನೀರಿನಲ್ಲಿ ಮುಳುಗಿಸಿ ತೂಗುವ ತಕ್ಕಡಿಯನ್ನು ವಿವರಿಸಿದ. ಚಿನ್ನದಲ್ಲಿ ಬೆಳ್ಳಿ ಬೆರೆಸಿದ್ದರೆ ಅದು ಹಿಡಿದು ಕೊಡುತ್ತಿತ್ತು. ಭಕ್ತಿ, ತರ್ಕ, ಭೌತವಿಜ್ಞಾನ ಮೂರಕ್ಕೂ ಒಂದೇ ಉಪಕರಣದ ಹೆಸರು.

ನಾಗಮಂಗಲದಿಂದ ದಕ್ಷಿಣಕ್ಕೆ, ಕೃಷ್ಣರಾಜಸಾಗರದ ಉತ್ತರ ದ್ವಾರದ ಬಳಿ, ಒಂದು ಪರ್ಷಿಯನ್ ಶಿಲಾಶಾಸನ ಇದೆ. 18ನೇ ಶತಮಾನದ ಕೊನೆಯ ದಶಕದಲ್ಲಿ ಟಿಪ್ಪು ಸುಲ್ತಾನ್ ಕಾವೇರಿಗೆ ಅಡ್ಡವಾಗಿ ಕಟ್ಟೆ ಕಟ್ಟಲು ಶಂಕುಸ್ಥಾಪನೆ ಮಾಡಿದಾಗ ಬರೆಸಿದ್ದು. ಆ ಕಟ್ಟೆ ಏಳಲಿಲ್ಲ, 1799ರ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದ ಕೋಟೆಯಲ್ಲೇ ಮಡಿದ. ಇಂದಿನ ಅಣೆಕಟ್ಟೆ 1911ರಲ್ಲಿ ಶುರುವಾದದ್ದು, ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ಸರ್ ಎಂ. ವಿಶ್ವೇಶ್ವರಯ್ಯ ಅವರ ಕಾಲದ ಕೆಲಸ. ಅದಕ್ಕಾಗಿ ನೆಲ ಅಗೆಯುವಾಗ ಸಿಕ್ಕ ಕಲ್ಲನ್ನು ಎಸೆಯದೆ ದ್ವಾರದಲ್ಲಿ ನಿಲ್ಲಿಸಿದರು. ಕಲ್ಲಿನ ಮೇಲಿನ ಒಕ್ಕಣೆಯನ್ನು ಎರಡು ಸಲ ಓದಬೇಕು. ಕಟ್ಟೆಗೆ ಹಾಕುವ ಹಣ ದೇವರ ಸೇವೆ ಎಂದು ಮೊದಲು ಹೇಳಿಕೊಂಡಿದೆ. ಹಳೆಯ ಸಾಗುವಳಿ ಬಿಟ್ಟು, ಈ ನೀರಿನಿಂದ ಹೊಸದಾಗಿ ನೆಲ ಬೇಸಾಯಕ್ಕೆ ತಂದವನಿಗೆ ಉಳಿದವರು ಕೊಡುವ ಕಂದಾಯದಲ್ಲಿ ನಾಲ್ಕನೇ ಒಂದು ಭಾಗ ಬಿಡುಗಡೆ. ಆ ನೆಲ ಅವನದು, ಅವನ ಮಕ್ಕಳು ಮೊಮ್ಮಕ್ಕಳದು, ಭೂಮಿ ಆಕಾಶ ಇರುವವರೆಗೆ. ಇದಕ್ಕೆ ಅಡ್ಡ ಬಂದವನು ಮನುಷ್ಯಕುಲದ ಶತ್ರು.

ಇದು ಒಬ್ಬ ಸುಲ್ತಾನನ ಔದಾರ್ಯದ ಮಾತಷ್ಟೇ ಅಲ್ಲ. ಸತ್ತ ನೆಲಕ್ಕೆ ಜೀವ ಕೊಟ್ಟವನಿಗೆ ಆ ನೆಲ ಸೇರುತ್ತದೆ ಎನ್ನುವುದು ಪ್ರವಾದಿಗಳ ತೀರ್ಪು, ಇಸ್ಲಾಮೀ ಕಾನೂನಿನಲ್ಲಿ ಅದೊಂದು ದೊಡ್ಡ ಅಧ್ಯಾಯ. ಬಂಜರು ಬಿದ್ದ ನೆಲವನ್ನು ಅಲ್ಲಿ ‘ಸತ್ತದ್ದು’ ಎಂದೇ ಕರೆಯುತ್ತಾರೆ. ನೀರು ತಂದು, ಕಲ್ಲು ಹೆಕ್ಕಿ, ಬೀಜ ಬಿತ್ತುವವನು ತಕ್ಕಡಿಯನ್ನು ಮತ್ತೆ ಸಮಕ್ಕೆ ತರುತ್ತಾನೆ. ಮನುಷ್ಯ ಮುಟ್ಟದೆ ಬಿಟ್ಟ ಕಾಡು ಮಾತ್ರ ಪವಿತ್ರ ಎಂಬ ನಿಲುವು ಇದಲ್ಲ. ಮನುಷ್ಯ ಭೂಮಿಯ ಮೇಲೆ ಖಲೀಫ, ಯಜಮಾನನ ಪರವಾಗಿ ನೋಡಿಕೊಳ್ಳುವವನು. ಕೆಲಸ ಮಾಡಬೇಕು, ಲೆಕ್ಕವನ್ನೂ ಕೊಡಬೇಕು.

ಆದರೆ ನೀರು ಬಂದ ಕೂಡಲೇ ಮೇಲಿನವನು, ಕೆಳಗಿನವನು ಎಂಬ ಜಗಳ ಬರುತ್ತದೆ. ಮದೀನದಲ್ಲೂ ಬಂತು. ಮಳೆಗಾಲದ ತೊರೆಯಿಂದ ಖರ್ಜೂರದ ತೋಟಕ್ಕೆ ನೀರು ಹಾಯಿಸುವ ವಿಷಯದಲ್ಲಿ ಪ್ರವಾದಿಗಳ ಬಂಧು ಜುಬೈರ್‌ಗೂ ಕೆಳಗಿನ ತೋಟದ ಒಬ್ಬನಿಗೂ ವಾದವಾಯಿತು. ನೀನು ಹಾಯಿಸಿಕೊಂಡು ಆಮೇಲೆ ಪಕ್ಕದವನಿಗೆ ಬಿಡು ಎಂದು ಪ್ರವಾದಿಗಳು ಜುಬೈರ್‌ಗೆ ಹೇಳಿದರು. ಇನ್ನೊಂದು ತೊರೆಯ ವಿಚಾರದಲ್ಲಿ ಅಳತೆಯನ್ನೇ ಗೊತ್ತುಮಾಡಿದರು: ಮೇಲಿನವನು ಕಾಲಿನ ಹರಡು ಮುಳುಗುವಷ್ಟು ನೀರು ನಿಲ್ಲಿಸಿಕೊಳ್ಳಬಹುದು, ಮಿಕ್ಕದ್ದನ್ನು ಕೆಳಗೆ ಬಿಡಬೇಕು. ಗದ್ದೆಯಲ್ಲಿ ನಿಂತು ಕೊಳೆಯುವಷ್ಟಲ್ಲ, ಬೇರಿಗೆ ಸಾಕಾಗುವಷ್ಟು. ಗೇಜು, ಕ್ಯೂಸೆಕ್ಕು ಇಲ್ಲದ ಕಾಲದಲ್ಲಿ ರೈತನ ಕಾಲೇ ಅಳತೆಗೋಲು. ನೀರು, ಹುಲ್ಲುಗಾವಲು, ಬೆಂಕಿ ಈ ಮೂರರಲ್ಲಿ ಜನರೆಲ್ಲ ಪಾಲುದಾರರು ಎಂಬ ಇನ್ನೊಂದು ಹದೀಸೂ ಇದೆ.

ಹಳೇ ಮೈಸೂರಿನ ಕೆರೆಗಳಲ್ಲಿ ಇದೇ ಕೆಲಸ ಮಾಡುತ್ತಿದ್ದವನು ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಕಾವಲು ಕಾಯುವುದು ಅವನ ಹೊಣೆ. ಬಹುಪಾಲು ಊರುಗಳಲ್ಲಿ ನೀರುಗಂಟಿಗಳು ದಲಿತ ಮನೆತನದವರು, ಎಷ್ಟೋ ಕಡೆ ಸ್ವಂತಕ್ಕೆ ಹೇಳಿಕೊಳ್ಳುವಂಥ ಗದ್ದೆಯಿಲ್ಲದವರು. ನೀರಿನ ನ್ಯಾಯ ನೀರಿಲ್ಲದವನ ಕೈಯಲ್ಲಿತ್ತು. ಆ ಏರ್ಪಾಡಿನಲ್ಲಿ ಜಾತಿಯ ಅನ್ಯಾಯ ಅಡಗಿತ್ತು ಎನ್ನುವುದನ್ನು ಮರೆಯಲಾಗದು. ಮಡೆ ತಿರುಗಿಸುವ ನ್ಯಾಯ ಮಾತ್ರ ಅವನಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಈಗ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರನ್ನು ಕೇಳಬೇಕು. ನಾಲೆಯ ತಲೆಯಲ್ಲಿ ಕಬ್ಬು, ಭತ್ತಕ್ಕೆ ನೀರು ನಿಂತು ಜೌಗಾದರೆ, ಬಾಲದಲ್ಲಿ ಮಡೆಯ ಬಾಯಿ ನೋಡುತ್ತ ರಾತ್ರಿ ಕಳೆಯುತ್ತದೆ. ಅದೇ ಮಂಡ್ಯ ಜಿಲ್ಲೆ ತಮಿಳುನಾಡಿನ ಎದುರು ಮೇಲಿನವನ ಸ್ಥಾನದಲ್ಲಿ ನಿಲ್ಲುತ್ತದೆ. ಕಾವೇರಿ ನೀರು ಹಂಚಿಕೆಯ 1892 ಮತ್ತು 1924ರ ಒಪ್ಪಂದಗಳು, 1990ರ ನ್ಯಾಯಮಂಡಳಿ, 2007ರ ಐತೀರ್ಪು, ಕೊನೆಗೆ 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಸಾಮಾನ್ಯ ವರ್ಷಕ್ಕೆ 177.25 ಟಿಎಂಸಿ ಬಿಡಬೇಕೆಂದು ಹೇಳಿದ್ದು: ಒಂದು ತಕ್ಕಡಿಯ ಮುಳ್ಳನ್ನು ನೆಟ್ಟಗೆ ನಿಲ್ಲಿಸಲು ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. ಮಳೆ ಕೈಕೊಟ್ಟ ವರ್ಷ ಅದು ಮತ್ತೆ ತೂಗಾಡುತ್ತದೆ. ಒಬ್ಬನೇ ರೈತ ಒಂದು ಜಗಳದಲ್ಲಿ ಮೇಲಿನವನು, ಇನ್ನೊಂದರಲ್ಲಿ ಕೆಳಗಿನವನು. ಹರಡು ಮುಳುಗುವಷ್ಟು ಎಂಬ ಆ ಹಳೆಯ ಅಳತೆ ಅವನಿಗೆ ಎರಡೂ ಕಡೆಯಿಂದ ಅರ್ಥವಾಗುತ್ತದೆ. ಈ ಲೆಕ್ಕದಲ್ಲಿ ಸೇರದೆ ಹೋದವರೂ ಇದ್ದಾರೆ. ಅಣೆಕಟ್ಟೆ ಕಟ್ಟಿದಾಗ ಹಳೆಯ ಕಣ್ಣಂಬಾಡಿ ಊರೇ ನೀರಿನಡಿ ಹೋಯಿತು.

ಅಣೆಕಟ್ಟೆಯ ಪಕ್ಕದಲ್ಲೇ ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟ. ಅಲ್ಲಿ ಕಲ್ಲುಗಣಿಯ ಸ್ಫೋಟಕ್ಕೆ ಅಣೆಕಟ್ಟೆ ಅದುರೀತು ಎಂದು ರೈತರು ವರ್ಷಗಟ್ಟಲೆ ಹೋರಾಡಿದರು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ 20 ಕಿ.ಮೀ. ಸುತ್ತಲಿನಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು. ಭೂಮಿ ನಿಮ್ಮೊಂದಿಗೆ ತೂರಾಡದಿರಲಿ ಎಂದು ಬೆಟ್ಟಗಳನ್ನು ನಾಟಲಾಗಿದೆ ಎಂಬ ಮಾತು ಕುರ್‌ಆನ್‌ನಲ್ಲಿ ಬರುತ್ತದೆ. ಬೇಬಿ ಬೆಟ್ಟದ ಬುಡದಲ್ಲಿ ಮಲಗಿ ಸಿಡಿತದ ಸದ್ದಿಗೆ ಬೆಚ್ಚಿದವರಿಗೆ ಅದು ಕಾವ್ಯದಂತೆ ಕೇಳಿಸಲಾರದು.

ಮರಗಳ ಕಥೆ ಇನ್ನೂ ಹಳೆಯದು. ಮೂರನೇ ಮೈಸೂರು ಯುದ್ಧದ ಹೊತ್ತಿನಲ್ಲಿ ಪರಶುರಾಮ ಭಾವುವಿನ ಮರಾಠಾ ಸೈನ್ಯ ನಾಗಮಂಗಲವನ್ನು ಹಾಳುಗೆಡವಿತು. ಲಕ್ಷಕ್ಕೂ ಹೆಚ್ಚು ತೋಟದ ಮರಗಳನ್ನು ಕಡಿದುಹಾಕಿತೆಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಅದೇ ಯುದ್ಧದಲ್ಲಿ, 1792ರಲ್ಲಿ, ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಪಡೆ ಶ್ರೀರಂಗಪಟ್ಟಣದ ಲಾಲ್‌ಬಾಗ್ ಹೊಕ್ಕು ಮುತ್ತಿಗೆಯ ಸಾಮಗ್ರಿಗಾಗಿ ಸೈಪ್ರಸ್ ಮರಗಳನ್ನು ಕಡಿಯಿತು. ಹೈದರಾಲಿಯ ಗೋರಿಯ ಸುತ್ತ ನೆರಳು ಕೊಡುತ್ತಿದ್ದ ತೋಟ ಅದು. ಟಿಪ್ಪುವೂ ಹೊರತಲ್ಲ. ಹಿಂದಿನ ವರ್ಷ ಶತ್ರುವಿನ ಕುದುರೆ, ಎತ್ತುಗಳಿಗೆ ಮೇವು ಸಿಗದಂತೆ ತನ್ನದೇ ಸೀಮೆಯನ್ನು ಸುಡಿಸಿದ್ದ. ಇಸ್ಲಾಮಿನ ಅಪ್ಪಣೆ ಬೇರೆಯೇ ಇತ್ತು. ಮೊದಲ ಖಲೀಫ ಅಬೂಬಕರ್ ಸಿರಿಯಾದತ್ತ ಹೊರಟ ಸೇನಾನಿಗೆ ಕೊಟ್ಟ ಕಟ್ಟಪ್ಪಣೆಗಳಲ್ಲಿ ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲಬೇಡ ಎಂಬುದರ ಜತೆಗೇ ಹಣ್ಣಿನ ಮರ ಕಡಿಯಬೇಡ, ತಿನ್ನಲು ಬೇಕಾದ್ದಕ್ಕಿಂತ ಹೆಚ್ಚು ಕುರಿ-ಒಂಟೆ ಕೊಲ್ಲಬೇಡ ಎಂದಿತ್ತು. ಯುದ್ಧದಲ್ಲೂ ತಕ್ಕಡಿಯನ್ನು ಕೆಳಗಿಡುವಂತಿಲ್ಲ. ಕಾವೇರಿ ಸೀಮೆಯ ಆ ಯುದ್ಧದಲ್ಲಿ ಯಾವ ಪಕ್ಷವೂ ಈ ಅಪ್ಪಣೆಯನ್ನು ಪಾಲಿಸಲಿಲ್ಲ. ತೆಂಗು ಫಲಕ್ಕೆ ಬರಲು ಎಷ್ಟು ವರ್ಷ ಬೇಕೆಂದು ನಾಗಮಂಗಲದ ರೈತನಿಗೆ ಗೊತ್ತು. ಕಡಿದವರು ಹೊರಟುಹೋದ ಮೇಲೆ ಆ ವರ್ಷಗಳನ್ನು ಬದುಕಬೇಕಾದವನು ಅವನು.

ಶ್ರೀರಂಗಪಟ್ಟಣಕ್ಕೆ ಇನ್ನೊಂದು ಬಗೆಯ ನೆನಪೂ ಇದೆ. 17ನೇ ಶತಮಾನದ ನಡುವಿನಲ್ಲಿ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ನದಿಯ ನಡುವೆ ಪುಟ್ಟ ನಡುಗಡ್ಡೆಗಳು ಉಂಟಾದವು. ಅಲ್ಲಿ ಹಕ್ಕಿಗಳು ಗೂಡು ಕಟ್ಟಿದವು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಬಂದ ಸಲೀಂ ಅಲಿ ಅದನ್ನು ಕಂಡು ರಕ್ಷಣೆ ಕೊಡಿ ಎಂದು ಮಹಾರಾಜರಿಗೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು, 2022ರಲ್ಲಿ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಸಲೀಂ ಅಲಿ ಧರ್ಮದ ಮಾತು ಮುಂದಿಟ್ಟುಕೊಂಡು ಹಕ್ಕಿ ಕಾದವರಲ್ಲ, ವಿಜ್ಞಾನಿ. ಆದರೆ ಅವರ ದಾರಿ ತೆರೆದ ಪ್ರಸಂಗ ಮುಂಬಯಿಯ ಒಂದು ಮುಸ್ಲಿಂ ಮನೆಯ ಅಂಗಳದ್ದು. ಹುಡುಗ ಆಟದ ಬಂದೂಕಿನಿಂದ ಒಂದು ಗುಬ್ಬಿ ಹೊಡೆದ. ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇಂಥದ್ದನ್ನು ತಿನ್ನಬಹುದೇ ಎಂದು ಅನುಮಾನ ಬಂದು ಮಾವ ಅಮೀರುದ್ದೀನ್ ತ್ಯಾಬ್ಜಿಯವರ ಬಳಿ ಒಯ್ದ. ಅವರು ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ಮುಂಚೆ ನಿಂತು ಕೇಳಬೇಕು ಎಂಬ ಮನೆಯ ಅಭ್ಯಾಸವೇ ಆ ಹುಡುಗನನ್ನು ಹಕ್ಕಿಗಳ ಲೋಕಕ್ಕೆ ತಲುಪಿಸಿತು.

ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎನ್ನುತ್ತದೆ ಕುರ್‌ಆನ್‌ನ 6ನೇ ಅಧ್ಯಾಯ. ಪ್ರಯಾಣದಲ್ಲಿದ್ದ ಕೆಲವರು ಗೂಡಿನಿಂದ ಎರಡು ಮರಿ ತೆಗೆದುಕೊಂಡಾಗ ತಾಯಿಹಕ್ಕಿ ತಲೆಯ ಮೇಲೆ ಸುತ್ತತೊಡಗಿತು. ಇದರ ಮಕ್ಕಳ ವಿಷಯದಲ್ಲಿ ಇದಕ್ಕೆ ಸಂಕಟ ಕೊಟ್ಟವರು ಯಾರು, ಮರಿಗಳನ್ನು ತಿರುಗಿ ಕೊಡಿ ಎಂದರು ಪ್ರವಾದಿಗಳು. ಮಳೆಗಾಲದಲ್ಲಿ ಅಣೆಕಟ್ಟೆಯಿಂದ ಒಮ್ಮೆಲೇ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನ ಗಡ್ಡೆಗಳು ಮುಳುಗುತ್ತವೆ, ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ. ಬೋಟಿನ ಕಟ್ಟೆಯಿಂದ ನೋಡುವವರಿಗೆ ಆಗ ಕಾಣುವುದು ನೀರಿನ ಮೇಲೆ ಸುತ್ತುವ ಬಣ್ಣದ ಕೊಕ್ಕರೆಗಳು. ಶ್ರೀರಂಗಪಟ್ಟಣದ ಮಸ್ಜಿದೆ ಆಲಾದ ಎರಡು ಮಿನಾರುಗಳಲ್ಲಿ ಮಾತ್ರ ಸಾಲು ಸಾಲು ಗೂಡುಗಳಿವೆ, ಪಾರಿವಾಳಗಳಿಗೆ. ಆ ಎತ್ತರಕ್ಕೆ ಯಾವ ನೆರೆಯೂ ಮುಟ್ಟದು.

ಇನ್ನು ಮನುಷ್ಯನ ನಡತೆ. ಇಲ್ಲಿ ಮಧ್ಯಮ ಎನ್ನುವುದು ಸುಲಭವಾಗಿ ಸೋಮಾರಿತನದ ಹೆಸರಾಗಬಹುದು, ಅದಕ್ಕೇ ಹಳೆಯ ಪ್ರಸಂಗಗಳು ಬೇಕು. ಪ್ರವಾದಿಗಳ ಸಂಗಾತಿ ಸಲ್ಮಾನ್ ತಮ್ಮ ಗೆಳೆಯ ಅಬೂದರ್ದಾರ ಮನೆಗೆ ಹೋದರು. ಮನೆಯಾಕೆ ಮಾಸಿದ ಬಟ್ಟೆಯಲ್ಲಿದ್ದಳು. ಯಾಕಮ್ಮ ಹೀಗೆ ಎಂದರೆ, ನಿಮ್ಮ ಗೆಳೆಯರಿಗೆ ಈ ಲೋಕದ ಗೊಡವೆಯೇ ಇಲ್ಲ ಎಂದಳು. ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಜು. ಸಲ್ಮಾನ್ ಹಟ ಹಿಡಿದು ಅವರಿಗೆ ಊಟ ಮಾಡಿಸಿದರು, ರಾತ್ರಿ ಎದ್ದಾಗಲೆಲ್ಲ ಮಲಗು ಎಂದರು, ಕೊನೆಯ ಜಾವದಲ್ಲಿ ಇಬ್ಬರೂ ಎದ್ದು ಪ್ರಾರ್ಥಿಸಿದರು. ನಿನ್ನ ದೇವರಿಗೆ ನಿನ್ನ ಮೇಲೆ ಹಕ್ಕಿದೆ, ನಿನ್ನ ದೇಹಕ್ಕೂ ಇದೆ, ನಿನ್ನ ಮನೆಯವರಿಗೂ ಇದೆ, ಪ್ರತಿಯೊಬ್ಬರ ಹಕ್ಕನ್ನೂ ಅವರವರಿಗೆ ಕೊಡು ಎಂದರು. ಪ್ರವಾದಿಗಳು ಇದನ್ನು ಕೇಳಿ ಸಲ್ಮಾನ್ ಹೇಳಿದ್ದು ನಿಜ ಎಂದರು. ಗಮನಿಸಬೇಕಾದ್ದು ಮಾಸಿದ ಬಟ್ಟೆಯ ಆ ಹೆಂಗಸನ್ನು. ಗಂಡನ ಭಕ್ತಿ ಜಾಸ್ತಿಯಾದಾಗ ಹಗುರಾದ ತಟ್ಟೆ ಅವಳದು.

ಹಣದಲ್ಲೂ ಹೀಗೆಯೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ನಮ್ಮ ಗಾದೆ ದುಂದಿಗೆ ಮಾತ್ರ ಕಡಿವಾಣ. ಕುರ್‌ಆನ್‌ನ 17ನೇ ಅಧ್ಯಾಯ ಎರಡೂ ತುದಿಯನ್ನು ಹಿಡಿಯುತ್ತದೆ: ಕೈಯನ್ನು ಕತ್ತಿಗೆ ಕಟ್ಟಿಕೊಳ್ಳಬೇಡ, ಪೂರ್ತಿ ಚಾಚಿಯೂ ಬಿಡಬೇಡ. ನೀರಿನಲ್ಲೂ ಅಷ್ಟೇ. ಪ್ರವಾದಿಗಳು ನಮಾಜಿಗೆ ಮುಂಚಿನ ಅಂಗಶುದ್ಧಿಯಾದ ವುಜೂ ಮಾಡಲು ಬಳಸುತ್ತಿದ್ದದ್ದು ಒಂದು ‘ಮುದ್ದ್’ ನೀರು, ಇಂದಿನ ಲೆಕ್ಕದಲ್ಲಿ ಒಂದು ಲೀಟರಿಗೂ ಕಡಿಮೆ. ಈಗ ಎಷ್ಟೋ ಮಸೀದಿಗಳಲ್ಲಿ ನಲ್ಲಿ ತಿರುಗಿಸಿಟ್ಟು ಕೈ, ಬಾಯಿ, ಮೂಗು, ಮುಖ, ಮೊಣಕೈ, ತಲೆ, ಕಾಲು ಎಲ್ಲ ಮುಗಿಯುವವರೆಗೆ ನೀರು ಹರಿಯುತ್ತಲೇ ಇರುತ್ತದೆ. ಬೋರ್‌ವೆಲ್ಲಿನ ನೀರು ವರ್ಷ ವರ್ಷ ಆಳಕ್ಕಿಳಿಯುವ ನಾಗಮಂಗಲದಂಥ ಒಣ ತಾಲ್ಲೂಕಿನಲ್ಲಿ ಒಂದು ಚೊಂಬು ನೀರಿಟ್ಟುಕೊಂಡು ವುಜೂ ಮಾಡುವ ಹಿರಿಯರೇ ನಿಯಮಕ್ಕೆ ಹತ್ತಿರ ಇದ್ದಾರೆ.

ಮನೆಯೊಳಗಿನ ತಕ್ಕಡಿ ಇನ್ನೂ ಕಷ್ಟದ್ದು. ಒಬ್ಬಳಿಗಿಂತ ಹೆಚ್ಚು ಹೆಂಡಿರ ನಡುವೆ ಪೂರ್ತಿ ನ್ಯಾಯವಾಗಿ ನಡೆಯುವುದು ಎಷ್ಟು ಆಸೆಪಟ್ಟರೂ ನಿಮ್ಮಿಂದಾಗದು, ಒಬ್ಬಳ ಕಡೆ ಪೂರ್ತಿ ವಾಲಿ ಇನ್ನೊಬ್ಬಳನ್ನು ತೂಗುಬಿಡಬೇಡಿ ಎಂದು ಕುರ್‌ಆನ್‌ನ 4ನೇ ಅಧ್ಯಾಯ ಹೇಳುತ್ತದೆ. ಇಲ್ಲೂ ವಾಲುವ, ತೂಗಾಡುವ ಚಿತ್ರವೇ. ನೆರೆಯ ಹಾಸನದ ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕಥೆಯಲ್ಲಿ ಗಂಡ ಕೈಬಿಟ್ಟ ಹೆಂಗಸೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುತ್ತಾಳೆ. ಗಿರೀಶ ಕಾಸರವಳ್ಳಿ ಅದನ್ನು 2004ರಲ್ಲಿ ‘ಹಸೀನಾ’ ಚಿತ್ರವಾಗಿಸಿದರು, ಅದರ ನಟಿ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬಾನು ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪಡೆದಾಗ ಜಗತ್ತು ಕೇಳಿದ್ದು ಇಂಥ ಹೆಂಗಸರ ದನಿಯನ್ನೇ. ಧರ್ಮದ ವಿರುದ್ಧ ಬರೆದರು ಎಂದು ಅವರನ್ನು ದೂರಿದವರಿದ್ದಾರೆ. ಕಥೆಯ ಹೆಂಗಸು ಕೇಳುವುದು ಧರ್ಮವೇ ಕೊಟ್ಟ ತೂಕವನ್ನು. ತಲೆ ತಟ್ಟಿ ಅಳೆದು ಕೊಟ್ಟವರು ಬೇರೆಯವರು.

ಎಲ್ಲಕ್ಕಿಂತ ಭಾರವಾದ ಪರೀಕ್ಷೆ ಎದುರಾಳಿಯನ್ನು ತೂಗುವಾಗ. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ಅನ್ಯಾಯಕ್ಕೆ ದೂಡದಿರಲಿ ಎಂದು 5ನೇ ಅಧ್ಯಾಯ ನಿಷ್ಠುರವಾಗಿ ಹೇಳುತ್ತದೆ. ಈ ಸೀಮೆಯಲ್ಲಿ ಟಿಪ್ಪುವಿನ ಹೆಸರೆತ್ತಿದರೆ ಸಾಕು, ತಕ್ಕಡಿಗೆ ಒಂದೇ ತಟ್ಟೆ ಉಳಿಯುತ್ತದೆ. ಶ್ರೀರಂಗನಾಥನ ಗುಡಿಗೆ ಅವನು ಕೊಟ್ಟ ಬೆಳ್ಳಿ ಬಟ್ಟಲುಗಳನ್ನು ಒಬ್ಬರು ಎತ್ತಿ ತೋರಿಸುತ್ತಾರೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿ ಆಚರಿಸುವುದಿಲ್ಲ, ಆ ದಿನ ತಮ್ಮವರನ್ನು ಟಿಪ್ಪು ಕೊಲ್ಲಿಸಿದನೆಂಬ ನೋವು ತಲೆಮಾರುಗಳಿಂದ ಹರಿದುಬಂದಿದೆ. ಅದೇ ಮೇಲುಕೋಟೆಯಲ್ಲಿ ಚೆಲುವನಾರಾಯಣನ ಪಾದದ ಬಳಿ ಬೀಬಿ ನಾಚ್ಚಿಯಾರ್ ಎಂಬ ತುರುಕ ರಾಜಕುಮಾರಿಗೆ ಪೂಜೆಯೂ ನಡೆಯುತ್ತದೆ. ಬಟ್ಟಲನ್ನು ಬಚ್ಚಿಟ್ಟು ತೂಗಿದರೂ ತಪ್ಪು, ಮೇಲುಕೋಟೆಯಲ್ಲಿ ಆ ದಿನ ಹಚ್ಚದ ದೀಪಗಳನ್ನು ಬಿಟ್ಟು ತೂಗಿದರೂ ತಪ್ಪು. ಟಿಪ್ಪುವನ್ನು ಮೆಚ್ಚುವ ಮುಸಲ್ಮಾನನಿಗೆ ಆ ಮನೆತನಗಳ ದುಃಖವನ್ನು ಒಪ್ಪಿಕೊಳ್ಳುವುದು ಸೋಲಲ್ಲ, ಅವನ ಗ್ರಂಥವೇ ಹೊರಿಸಿದ ಹೊಣೆ.

2024ರ ಸೆಪ್ಟೆಂಬರಿನಲ್ಲಿ ಗಣೇಶನ ಮೆರವಣಿಗೆಯ ಹೊತ್ತಿಗೆ ನಾಗಮಂಗಲದಲ್ಲಿ ಗಲಭೆ ಎದ್ದು ಅಂಗಡಿಗಳು ಸುಟ್ಟುಹೋದವು. ಆ ರಾತ್ರಿ ಊರಿನ ಎರಡೂ ಕಡೆಯವರಿಗೆ ತಮ್ಮ ನಷ್ಟವಷ್ಟೇ ತೂಕವಾಗಿ ಕಂಡಿದ್ದರೆ ಅಚ್ಚರಿಯಿಲ್ಲ. ಆದರೆ ಅಂಗಡಿ ಅಂದರೆ ಊರಿನ ತಕ್ಕಡಿ ಇರುವ ಜಾಗ. ಒಬ್ಬ ತೂಗುತ್ತಾನೆ, ಇನ್ನೊಬ್ಬ ನಂಬಿ ಚೀಲ ಒಡ್ಡುತ್ತಾನೆ, ಮುಂದಿನ ವಾರ ಮತ್ತೆ ಬರುತ್ತಾನೆ. ಬೆಂಕಿ ಬಿದ್ದದ್ದು ಆ ಜಾಗಕ್ಕೆ.

ಅದೇ ವರ್ಷದ ಫೆಬ್ರವರಿಯಲ್ಲಿ ನೈರೋಬಿಯ ವಿಶ್ವಸಂಸ್ಥೆ ಪರಿಸರ ಸಭೆಯಲ್ಲಿ ಇಸ್ಲಾಮೀ ವಿದ್ವಾಂಸರ ಪರಿಸರ ಪ್ರಣಾಳಿಕೆಯೊಂದು ಹೊರಬಂತು. ಅದರ ಹೆಸರು ‘ಅಲ್ ಮೀಜಾನ್’. ಹವಾಮಾನ ಬದಲಾವಣೆಯ ಚರ್ಚೆಗೆ ಈ ಪದ ಒದಗಿರುವುದು ಒಳ್ಳೆಯದೇ. ಆದರೆ ಇಬ್ನು ಮಾಜಾ ಸಂಗ್ರಹದ ಒಂದು ಹದೀಸ್ ಇನ್ನೂ ಹತ್ತಿರ ಬಂದು ತಟ್ಟುತ್ತದೆ. ಅಳತೆ-ತೂಕದಲ್ಲಿ ಕಡಿತ ಮಾಡುವ ಜನರಿಗೆ ಬರಗಾಲ, ಕಷ್ಟ, ಆಳುವವರ ದಬ್ಬಾಳಿಕೆ ಬರುತ್ತದೆ ಎಂದು ಅದು ಹೇಳುತ್ತದೆ. ಮೋಡಕ್ಕೂ ಅಂಗಡಿಯ ಕಲ್ಲಿಗೂ ನಂಟು ಕಟ್ಟುವ ಈ ಮಾತನ್ನು ಹವಾಮಾನ ಇಲಾಖೆ ಲೆಕ್ಕ ಹಾಕಲಾರದು. ಕೆರೆ ಒತ್ತುವರಿ ಮಾಡಿದವರು, ಮರಳು ಬಗೆದವರು, ಮಡೆ ತಿರುಗಿಸಿಕೊಂಡವರು ಇರುವ ಊರಿನಲ್ಲಿ ನೀರು ಯಾಕೆ ಬತ್ತಿತು ಎಂದು ಜನ ಮಾತ್ರ ಲೆಕ್ಕ ಹಾಕಬಲ್ಲರು.

ಮಳೆ ಹೋದಾಗ ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಲ್ಲಿ ಮಳೆರಾಯನನ್ನು ಹೊತ್ತು ಮನೆ ಮನೆ ತಿರುಗುತ್ತಾರೆ. ಮುಸಲ್ಮಾನರಿಗೆ ಮಳೆಗಾಗಿಯೇ ಒಂದು ನಮಾಜಿದೆ, ಇಸ್ತಿಸ್ಕಾ. ಅದಕ್ಕೆ ಹೊರಡುವ ಮುಂಚೆ ಮಾಡಬೇಕಾದ್ದನ್ನು ಧರ್ಮಶಾಸ್ತ್ರದ ಪುಸ್ತಕಗಳು ವಿವರವಾಗಿ ಹೇಳುತ್ತವೆ: ಇತರರಿಗೆ ಮಾಡಿದ ಅನ್ಯಾಯ ಸರಿಪಡಿಸಿ, ಕೊಡಬೇಕಾದವರಿಗೆ ಕೊಡಿ, ಮುನಿಸು ಬಿಡಿ, ದಾನ ಮಾಡಿ. ಹಳೆಯ ಬಟ್ಟೆಯುಟ್ಟು, ತಲೆ ತಗ್ಗಿಸಿ, ನಡೆದು ಬಯಲಿಗೆ ಬನ್ನಿ. ಮುದುಕರು, ಮಕ್ಕಳು ಬರಲಿ, ದನಕರುಗಳನ್ನೂ ಹೊಡೆದುಕೊಂಡು ಬನ್ನಿ. ಅವಕ್ಕೂ ಬಾಯಾರಿದೆ. ಎರಡು ರಕಾತ್ ನಮಾಜು, ಪ್ರವಚನ ಆದ ಮೇಲೆ ಇಮಾಮರು ಹೊದ್ದ ವಲ್ಲಿಯನ್ನು ತಿರುವಿ ಹಾಕಿಕೊಳ್ಳುತ್ತಾರೆ, ಬಲ ಹೆಗಲಿನದು ಎಡಕ್ಕೆ, ಎಡದ್ದು ಬಲಕ್ಕೆ. ಆಮೇಲೆ ಕೈ ಎತ್ತುತ್ತಾರೆ, ಅಂಗೈ ನೆಲದ ಕಡೆಗೆ, ಕೈಯ ಬೆನ್ನು ಆಕಾಶಕ್ಕೆ.